ಹುಣಸೆ ಮರದಡಿಯ ಸ್ವರ

ಬೇಬಿ ಅಂದರೆ ಮಗುವಲ್ಲ, ಐವತ್ತೈದು ದಾಟಿದ ಹೆಂಗಸು. ಹೆಸರೇ ಬೇಬಿ. ಅವಳು ಹುಟ್ಟಿದ ಕಾಲಕ್ಕೆ ಮಲ್ಪೆ ಕಡೆ ಬೀದಿಗೊಬ್ಬಳು ಬೇಬಿ ಇದ್ದಳು, ಯಾರೂ ಅದನ್ನು ದೊಡ್ಡ ವಿಷಯ ಮಾಡುತ್ತಿರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಮಾತ್ರ ಆಫೀಸಿನಲ್ಲಿ, ಏರ್‌ಪೋರ್ಟಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ, ಎಲ್ಲರೂ ಆ ಹೆಸರು ಓದಿ ಒಂದು ಸಲ ತಲೆಯೆತ್ತಿ ನೋಡುವವರೇ. ನೋಡಲಿ, ನೋಡಿದರೆ ಸವೆದುಹೋಗುತ್ತದಾ ಎಂದು ಬೇಬಿ ಸುಮ್ಮನಿದ್ದಳು.

ಅವಳ ಕೆಲಸ ಸ್ವರ ರಿಪೇರಿ. ಹಾಗೆಯೇ ಹೇಳಬೇಕು. ಮೊದಲು ಮಂಗಳೂರು ಆಕಾಶವಾಣಿಯ ಟೇಪಿನ ಕೋಣೆಯಲ್ಲಿದ್ದಳು. ಗಂಡ ರಘುಪತಿಯ ಜೊತೆ ಮೇರಿಲ್ಯಾಂಡಿನ ಕೊಲಂಬಿಯಾಕ್ಕೆ ಬಂದು, ಮಕ್ಕಳಿಬ್ಬರು ಶಾಲೆಗೆ ಹೋಗತೊಡಗಿದ ಮೇಲೆ, ವಾಷಿಂಗ್ಟನ್ನಿನ ಹೊರವಲಯದ ಒಂದು ಮ್ಯೂಸಿಯಂ ಉಗ್ರಾಣಕ್ಕೆ ಸೇರಿಕೊಂಡಳು. ಕಿಟಕಿಯೇ ಇಲ್ಲದ ಕಟ್ಟಡ ಅದು. ಒಳಗೆ ಲೋಕದ ಮೂಲೆಮೂಲೆಯಿಂದ ಯಾರ್‍ಯಾರೋ ಸಂಶೋಧಕರು ಹೊತ್ತು ತಂದ ಹಳೇ ರೀಲುಗಳ ರಾಶಿ. ಅಂಟಿದ್ದನ್ನು ಬಿಡಿಸಿ, ತುಂಡಾದದ್ದನ್ನು ಜೋಡಿಸಿ, ಗೊರಗೊರ ಸದ್ದು ತೆಗೆದು ಕಂಪ್ಯೂಟರಿಗೆ ಇಳಿಸುವುದು ಅವಳ ಪಾಲಿನದು. ಹಳೇ ಟೇಪು ಕೆಡುವಾಗ ವಿನೆಗರಿನಂಥ ಹುಳಿ ವಾಸನೆ ಬರುತ್ತದೆ. ಆ ವಾಸನೆ ಅವಳ ಸ್ವೆಟರಿಗೂ ಹತ್ತಿ ಮನೆಗೂ ಬರುತ್ತಿತ್ತು.

ಇಪ್ಪತ್ತಮೂರನೇ ಇಸವಿಯ ಚಳಿಗಾಲದಲ್ಲಿ ಅವಳ ಮೇಜಿಗೆ ಬಂದದ್ದು ಲ್ಯಾಂಟರ್ನ್ ಬೇ ರೀಲುಗಳು. ಆಸ್ಟ್ರೇಲಿಯದ ಉತ್ತರದ ಅಂಚಿನಲ್ಲಿರುವ ಒಂದು ಕೊಲ್ಲಿ ಅದು. ಆ ಹೆಸರು ಪಾದ್ರಿಗಳು ಇಟ್ಟದ್ದು. ಅಲ್ಲಿನ ಮೂಲದ ಜನ, ನೆಲದ ಹಾಗೇ ನೀರಿಗೂ ಗಡಿ ಉಂಟು, ಈ ಬಂಡೆಯವರೆಗೆ ನಮ್ಮದು, ಆಚೆಯದು ನೆಂಟರದು ಅನ್ನುವವರು. ತಮ್ಮ ಊರಿಗೆ ಅವರು ಬೇರೆ ಹೆಸರು ಇಟ್ಟುಕೊಂಡಿದ್ದಾರೆ, ಅದನ್ನು ಕಂಡಕಂಡವರಿಗೆ ಹೇಳುವುದಿಲ್ಲ. ಟಾರು ರಸ್ತೆ ಇವತ್ತಿಗೂ ಇಲ್ಲ. ಮಳೆಗಾಲದಲ್ಲಿ ಸಣ್ಣ ವಿಮಾನ ಇಳಿದರೆ ಇಳಿಯಿತು, ಇಲ್ಲದಿದ್ದರೆ ಇಲ್ಲ.

ಆ ಊರಿನ ಕತೆಯನ್ನು ಬೇಬಿ ಇಂಗ್ಲಿಷಿನಲ್ಲಿದ್ದ ಟೇಪುಗಳ ಬಾಯಿಂದಲೇ ಕೇಳಿದಳು. ಬಿಳಿಯರು ಬರುವುದಕ್ಕೆ ಎಷ್ಟೋ ಮೊದಲು, ಈಗಿನ ಇಂಡೋನೇಷ್ಯಾದ ಕಡೆಯಿಂದ ವರ್ಷಕ್ಕೊಮ್ಮೆ, ಗಾಳಿ ತಿರುಗಿದ ಕೂಡಲೇ, ಹಾಯಿ ಹಡಗುಗಳು ಬರುತ್ತಿದ್ದವಂತೆ. ಕಡಲ ತಳದಲ್ಲಿ ಸೌತೆಕಾಯಿಯ ಹಾಗೆ ಬಿದ್ದಿರುವ ಒಂದು ಜಂತುವನ್ನು ಹಿಡಿದು, ಬೇಯಿಸಿ, ಒಣಗಿಸಿ ಚೀನಾಕ್ಕೆ ಮಾರುವವರು. ಅಕ್ಕಿ, ಬಟ್ಟೆ, ಕಬ್ಬಿಣ ತಂದು ಕೊಟ್ಟು, ತಿಂಗಳುಗಟ್ಟಲೆ ದಂಡೆಯಲ್ಲಿ ಬಿಡಾರ ಹೂಡಿ, ಗಾಳಿ ಮತ್ತೆ ತಿರುಗಿದಾಗ ಹೊರಟುಹೋಗುವವರು. ಅಡುಗೆಗೆ ಅಂತ ಅವರು ತಂದ ಹುಣಸೆಯ ಬೀಜಗಳು ದಂಡೆಯುದ್ದಕ್ಕೂ ಮರವಾದವು. ಆಮೇಲೆ ಸರಕಾರ ಆ ಹಡಗುಗಳನ್ನು ನಿಲ್ಲಿಸಿತು. ಪಾದ್ರಿಗಳು ಬಂದರು. ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಡಾರ್ಮಿಟರಿಗೆ ಹಾಕಿದರು, ಮನೆಭಾಷೆ ಆಡಿದ ಮಗುವಿಗೆ ಪೆಟ್ಟು. ಹಡಗಿನ ಹಾಡುಗಳು ಒಂದೊಂದಾಗಿ ಮರೆತುಹೋದವು.

ಮರೆಯದೆ ಉಳಿದದ್ದು ಒಂದೇ. ಅರವತ್ತರ ದಶಕದ ಮೊದಲಲ್ಲಿ ವಾಷಿಂಗ್ಟನ್ನಿಂದ ಹೋದ ಒಬ್ಬ ಸಂಶೋಧಕ, ಮಿಷನ್ನಿನವರ ಕಣ್ಣು ತಪ್ಪಿಸಿ, ಎಂಟೊಂಬತ್ತು ವರ್ಷದ ಒಬ್ಬಳು ಹುಡುಗಿಯನ್ನು ಹುಣಸೆ ಮರದಡಿ ಕೂರಿಸಿ ಹಾಡಿಸಿದ್ದ. ಹೊರಟುಹೋಗುವ ಹಡಗುಗಳಿಗೆ ಕೈಬೀಸುವ ಹಾಡು, ಅವಳ ಅಜ್ಜಿ ಹೇಳಿಕೊಟ್ಟದ್ದು. ರೀಲಿನ ಡಬ್ಬಿಯೊಳಗೆ ಒಂದು ಫೋಟೋ ಇತ್ತು: ದೊಡ್ಡ ಹೆಡ್‌ಫೋನು ಹಾಕಿಕೊಂಡು, ತನ್ನ ಸ್ವರ ತಾನೇ ಕೇಳಿ ಬಾಯಿ ತೆರೆದು ನಗುವ ಹುಡುಗಿ. ಫೋಟೋದ ಬೆನ್ನಿಗೆ ಅವಳ ಹೆಸರು. ಆ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಆ ಹುಡುಗಿ ಈಗ ಎಪ್ಪತ್ತರ ಮುದುಕಿ, ಊರಿನ ಹಿರಿಯಳು. ತನ್ನ ಟೇಪು ಇನ್ನೂ ಉಂಟು ಅಂತ ಗೊತ್ತಾದಾಗ, ನಾನೇ ಬರುತ್ತೇನೆ, ಆ ಹಾಡು ನನಗೇ ಅರ್ಧ ಮರೆತಿದೆ, ಕೇಳಿ ಕಲಿತುಕೊಂಡು ಹೋಗಿ ಊರಿನ ಮಕ್ಕಳಿಗೆ ಹೇಳಿಕೊಡಬೇಕು ಅಂತ ಬರೆಸಿದ್ದಳು. ಬೇಬಿಗೆ ಹಬ್ಬವೇ ಆಯಿತು. ಆ ಹಾಡಿನ ಮೇಲೆ ತಿಂಗಳುಗಟ್ಟಲೆ ಕೂತಳು. ಎಷ್ಟು ಸಲ ಕೇಳಿದಳೆಂದರೆ ಒಂದಕ್ಷರ ಅರ್ಥವಾಗದಿದ್ದರೂ ಹಾಡು ಬಾಯಿಗೆ ಬಂತು. ಒಗ್ಗರಣೆ ಹಾಕುವಾಗಲೂ ಅದೇ ಗುನುಗು.

ಮನೆಯಲ್ಲಿ ಇನ್ನೊಂದು ಸ್ವರ ಇತ್ತು. ಅದರ ವಿಷಯ ಹೇಳಲೇಬೇಕು.

ಬೇಬಿಯ ಮಗ ಅನ್ವಿತ್ ಷಾರ್ಲಟ್ಟಿನ ಬ್ಯಾಲಂಟೈನ್‌ನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ. ಇಪ್ಪತ್ತನೇ ಇಸವಿಯ ಬೇಸಿಗೆಯಲ್ಲಿ ಕೊರೋನಾ ಬಂದು ಹೋಗಿಬಿಟ್ಟ. ಇಪ್ಪತ್ತೇಳು ವರ್ಷ. ಅಪ್ಪ ಅಮ್ಮ ಕಾರು ಓಡಿಸಿಕೊಂಡು ಆಸ್ಪತ್ರೆಯ ಪಾರ್ಕಿಂಗ್ ಲಾಟಿನವರೆಗೆ ಹೋಗಿ, ಕಾರಿನೊಳಗೇ ಕೂತು, ಹಿಂದೆ ಬಂದರು. ಆಗ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಬೇಬಿಯ ಫೋನಿನಲ್ಲಿ ಅವನದೊಂದು ವಾಯ್ಸ್‌ಮೇಲ್ ಉಳಿದಿತ್ತು. 'ಅಮ್ಮಾ, ನಾನು. ಏನಿಲ್ಲ, ಸುಮ್ನೆ ಕಾಲ್ ಮಾಡ್ದೆ. ಊಟ ಆಯ್ತಾ? ಅಪ್ಪಂಗೆ ಹೇಳು, ಐ ವಿಲ್ ಕಮ್ ದಿಸ್ ವೀಕೆಂಡ್.' ಅಷ್ಟೇ. ಬೇಬಿ ಅದನ್ನು ಆಫೀಸಿನ ಮೆಷಿನ್ನಿಗೆ ಹಾಕಿ, ಹಿಂದಿನ ಫ್ಯಾನಿನ ಸದ್ದು ತೆಗೆದು, ಟ್ರಾಫಿಕ್ಕಿನ ಸದ್ದು ತೆಗೆದು, ಪಕ್ಕದ ಕೋಣೆಯಿಂದ ಕೂಗಿದ ಹಾಗೆ ಮಾಡಿಟ್ಟಿದ್ದಳು. ದಿನಾ ಸಂಜೆ ಹಾಲ್‌ನಲ್ಲಿ, ಗಂಧದ ಹಾರ ಹಾಕಿದ ಅವನ ಫೋಟೋದ ಮುಂದೆ ದೀಪ ಹಚ್ಚಿ, ಸ್ಪೀಕರಿನಲ್ಲಿ ಅದನ್ನು ಹಾಕುವಳು.

ರಘುಪತಿ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಶೂ ಹಾಕಿಕೊಂಡು ಹೊರಗೆ ನಡೆದುಬಿಡುತ್ತಿದ್ದ. ಮಳೆಯಿರಲಿ, ಹಿಮವಿರಲಿ. ಕೌಂಟಿಯ ನೀರಿನ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತನಾದವನು, ಮೊದಲಿಂದಲೂ ಮಾತು ಕಮ್ಮಿ. ಮಗ ಹೋದ ಮೇಲೆ ಅವನ ಹೆಸರನ್ನು ಒಂದು ಸಲವೂ ಎತ್ತಿರಲಿಲ್ಲ.

"ನಿಮ್ಮದೆಂತ ಎದೆಯಾ, ಕಡೆಯುವ ಕಲ್ಲಾ?" ಎಂದು ಬೇಬಿ ಒಂದು ದಿನ ಕೇಳಿಯೇಬಿಟ್ಟಿದ್ದಳು. "ಹೆತ್ತ ಮಗನ ಸ್ವರ ಕೇಳಿದ್ರೆ ಓಡಿಹೋಗುವವರನ್ನು ನಾನು ಎಲ್ಲಿಯೂ ಕಾಣ್ಲಿಲ್ಲ ಮಾರಾಯ್ರೇ."

ಅವನು ಅದಕ್ಕೆ ಉತ್ತರ ಕೊಟ್ಟದ್ದು ಮಾರ್ಚ್ ತಿಂಗಳ ಒಂದು ಸೋಮವಾರ, ಅದೂ ಶೂ ಕಟ್ಟಿಕೊಳ್ಳುತ್ತಾ. "ನಾನು ಅಟ್ಲಾಂಟಾಕ್ಕೆ ಹೋಗ್ತೇನೆ. ನಿಕಿತಾ ಹತ್ರ. ಭಾನುವಾರದ ಟಿಕೆಟ್ ಆಗಿದೆ."

ನಿಕಿತಾ ಅವರ ಮಗಳು. "ಹಿಂದೆ ಯಾವಾಗ?" ಎಂದು ಬೇಬಿ ಕೇಳಿದಳು.

"ನೋಡುವ."

ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಆ 'ನೋಡುವ' ಎಂಥದ್ದೆಂದು ಗೊತ್ತಾಗುವುದಿಲ್ಲವಾ? ಹಿಂದೆ ಬರುವ ಟಿಕೆಟ್ ಇಲ್ಲ ಅಂತ ಅರ್ಥ. ಬೇಬಿಗೆ ಬೇರೆಲ್ಲದಕ್ಕಿಂತ ಮೊದಲು ಸಿಟ್ಟು ಬಂತು. ಹೋಗುವುದಾದರೆ ಹೋಗಿ, ನಾನೂ ನನ್ನ ಮಗನೂ ಇರುತ್ತೇವೆ ಎಂದುಬಿಟ್ಟಳು.

ಅದೇ ವಾರ ಮ್ಯೂಸಿಯಂನಲ್ಲಿ ಮೇಲಿನ ಆಫೀಸರ್ ಮೆಗ್ ಹೇಳಿದಳು, ಲ್ಯಾಂಟರ್ನ್ ಬೇಯ ಹಿರಿಯಳು ಹೋದ ತಿಂಗಳು ತೀರಿಹೋದಳು ಅಂತ. ಆ ಟೇಪನ್ನು ಸದ್ಯಕ್ಕೆ ಮುಚ್ಚಿಡಿಸಲಿಕ್ಕೆ ಸತ್ತವಳ ತಮ್ಮ ವಾಲ್ಟರ್, ಸತ್ತವಳ ಮಗಳು ಲೋರ್ನಾ ಇಬ್ಬರೂ ಬರುತ್ತಾರೆ, ಹಾಡಿನ ಅರ್ಥ ಬಲ್ಲವನು ಈಗ ವಾಲ್ಟರ್ ಒಬ್ಬನೇ. ಸತ್ತವಳ ಹೆಸರು, ಫೋಟೋ, ಸ್ವರ ಯಾವುದನ್ನೂ ಅವರ ಮುಂದೆ ತರಬಾರದು, ಅದು ಅವರ ಪದ್ಧತಿ ಎಂದು ಲೋರ್ನಾ ಬರೆದಿದ್ದಾಳೆ, ನೆನಪಿರಲಿ ಎಂದೂ ಹೇಳಿದಳು.

ಬೇಬಿಗೆ ಗೊತ್ತಿರಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ಟ್ರೈನಿಂಗಿನಲ್ಲಿ ಕೇಳಿದ್ದಳು, ಮೆಗ್ ಹೇಳಿದ್ದನ್ನೂ ಕೇಳಿದಳು. ಕೇಳಿಕೊಂಡು ಒಳಗೊಳಗೇ ನಕ್ಕಳು. ಇದು ಬಿಳಿಯರಿಗೆ ಹೇಳಿದ ಮಾತು, ಅವರಿಂದ ತಪ್ಪಿಸಿಕೊಳ್ಳಲಿಕ್ಕೆ ಒಂದು ನೆಪ ಎಂದುಕೊಂಡಳು. ನಾನು ಹಾಗಲ್ಲವಲ್ಲ. ನಾನೂ ಕಡಲ ಬದಿಯವಳು, ನನ್ನ ಅಪ್ಪನದೂ ದೋಣಿ, ನನ್ನ ಮನೆಯಲ್ಲೂ ಸಾವಾಗಿದೆ. ಅಕ್ಕನ ಸ್ವರ ಕೇಳುವುದು ಬೇಡ ಅನ್ನುವ ತಮ್ಮ ಲೋಕದಲ್ಲಿ ಎಲ್ಲಾದರೂ ಇರುತ್ತಾನಾ? ಒಂದು ಸಲ ಕೇಳಿದರೆ ಕಣ್ಣು ತುಂಬಿ ಬರುತ್ತದೆ, ಆಮೇಲೆ ಅವರೇ ಕೈಹಿಡಿದುಕೊಳ್ಳುತ್ತಾರೆ. ಹೀಗೆ ತಾನೇ ವಕೀಲಳಾಗಿ ತಾನೇ ತೀರ್ಪು ಕೊಟ್ಟುಕೊಂಡಳು.

ಬುಧವಾರ ಆ ಹುಡುಗಿಯ ಫೋಟೋವನ್ನು ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದಳು. ಅನ್ವಿತನ ಫೋಟೋಕ್ಕೆಂದು ಊರಿಂದ ತರಿಸಿಟ್ಟಿದ್ದ ಇನ್ನೊಂದು ಗಂಧದ ಹಾರ ಪೆಟ್ಟಿಗೆಯಲ್ಲಿತ್ತು, ಅದನ್ನು ತೆಗೆದಳು. ಮ್ಯೂಸಿಯಂನಲ್ಲಿ ಬೆಂಕಿ ಹಚ್ಚುವಂತಿಲ್ಲ, ಎಲಿಕಾಟ್ ಸಿಟಿಯ ಇಂಡಿಯನ್ ಅಂಗಡಿಗೆ ಹೋಗಿ ಬ್ಯಾಟರಿಯ ದೀಪ ತಂದಳು. ನಮ್ಮಲ್ಲಿ ಸತ್ತವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು?

ಗುರುವಾರ ಬೆಳಿಗ್ಗೆ ಅವರು ಬಂದರು. ವಾಲ್ಟರ್ ಎತ್ತರದ ತೆಳ್ಳಗಿನ ಮುದುಕ, ಯಾರದೋ ದೊಡ್ಡ ಕೋಟು ಹಾಕಿಕೊಂಡು, ಹ್ಯಾಟನ್ನು ಕೈಯಲ್ಲಿ ಹಿಡಿದಿದ್ದ. ಲೋರ್ನಾ ನಲವತ್ತರ ಹೆಂಗಸು, ಊರಲ್ಲಿ ಟೀಚರ್. "ಅವರನ್ನು ಅಂಕಲ್ ಅನ್ನಿ, ನಮ್ಮಲ್ಲಿ ಹಿರಿಯರಿಗೆ ಹಾಗೇ" ಎಂದಳು. ಬೇಬಿಗೆ ಇನ್ನೇನು ಬೇಕು? ನಮ್ಮಲ್ಲೂ ಹಾಗೇ ಎಂದು ಹಿಗ್ಗಿದಳು. ಮೆಗ್ ಕಾಫಿ ತರಲು ಹೋದದ್ದೇ ತಡ, ಇಬ್ಬರನ್ನೂ ಪಕ್ಕದ ಮೀಟಿಂಗ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ತೆರೆದಳು. ಮೇಜಿನ ಮೇಲೆ ಫ್ರೇಮು, ಹಾರ, ದೀಪ. "ನಿಮ್ಮ ಅಕ್ಕ" ಎಂದು, ಆ ಹೆಸರನ್ನೂ ಬಾಯ್ತುಂಬ ಹೇಳಿ, ಬಟನ್ ಒತ್ತಿದಳು.

ಹುಡುಗಿಯ ಸ್ವರ ಕೋಣೆಯಲ್ಲೆಲ್ಲ ತುಂಬಿತು. ಬೇಬಿ ಎಷ್ಟು ಚೆನ್ನಾಗಿ ತಿದ್ದಿದ್ದಳೆಂದರೆ ಹುಡುಗಿ ಉಸಿರು ತೆಗೆದುಕೊಳ್ಳುವುದೂ ಕೇಳಿಸುತ್ತಿತ್ತು.

ವಾಲ್ಟರ್ ತಟ್ಟನೆ ಬೆನ್ನು ತಿರುಗಿಸಿದ. ಗೋಡೆಗೆ ಮುಖ ಮಾಡಿ, ಹ್ಯಾಟಿನಿಂದ ಮುಖ ಮುಚ್ಚಿ ನಿಂತ. ಲೋರ್ನಾ ಫ್ರೇಮನ್ನು ಬೋರಲು ಹಾಕಿ, "ನಿಲ್ಲಿಸಿ! ನಿಲ್ಲಿಸಿ ಅದನ್ನು!" ಎಂದು ಚೀರಿದಳು. ಬೇಬಿಗೆ ಗಡಿಬಿಡಿಯಲ್ಲಿ ಬಟನ್ನೇ ಸಿಗಲಿಲ್ಲ. ತನ್ನದೇ ಮೆಷಿನ್ನು, ವರ್ಷಗಟ್ಟಲೆ ಕಣ್ಣುಮುಚ್ಚಿ ನಡೆಸಿದ ಮೆಷಿನ್ನು. ಮೆಗ್ ಓಡಿಬಂದು ವಯರು ಎಳೆಯುವವರೆಗೆ ಹುಡುಗಿ ಹಾಡುತ್ತಲೇ ಇದ್ದಳು. ಸ್ವರ ನಿಂತ ಮೇಲೂ ವಾಲ್ಟರ್ ತಿರುಗಲಿಲ್ಲ. ಅವನ ಬೆನ್ನು ಅಲುಗುತ್ತಿತ್ತು.

ಬೇಬಿಯನ್ನು ಮನೆಗೆ ಕಳಿಸಿದರು. ದಾರಿಯುದ್ದಕ್ಕೂ ಸ್ಟೀರಿಂಗಿಗೆ ಬೈದಳು. ಒಳ್ಳೆಯದು ಮಾಡಲಿಕ್ಕೆ ಹೋದವಳಿಗೆ ಇದು ಬಹುಮಾನ! ನಾನು ಕದ್ದೆನಾ, ಕೊಂದೆನಾ? ಎಂದು ಅತ್ತಳು. ಮನೆಗೆ ಬಂದು ಸಂಜೆಯವರೆಗೆ ಮಲಗಿ, ಎದ್ದು, ದೀಪ ಹಚ್ಚಿ ಬಟನ್ ಒತ್ತಿದಳು. 'ಅಮ್ಮಾ, ನಾನು.'

ರಘುಪತಿಗೆ ಆವತ್ತು ತಡವಾಗಿತ್ತು. ಒಂದು ಶೂ ಹಾಕಿದ್ದ, ಇನ್ನೊಂದು ಕೈಯಲ್ಲಿತ್ತು. ಸ್ವರ ಬಂದ ಕೂಡಲೇ ಗೋಡೆಗೆ ಮುಖ ತಿರುಗಿಸಿದ. ಬೇಬಿ ಆ ಬೆನ್ನು ನೋಡಿದಳು. ಬೆಳಿಗ್ಗೆ ನೋಡಿದ ಬೆನ್ನೇ ಅದು. ಹಾಗೇ ಅಲುಗುತ್ತಿತ್ತು. ಮೂರು ವರ್ಷದಿಂದ ತಾನು ಗಂಡನ ಹಿಂಬದಿಯನ್ನು ಮಾತ್ರ ನೋಡುತ್ತಿದ್ದೇನೆ, ಆದರೂ ಅದನ್ನು ನೋಡಲಿಲ್ಲ ಎಂದು ಅವಳಿಗೆ ಒಮ್ಮೆಲೇ ಅನಿಸಿತು. ಅವನು ಒಂದೇ ಶೂ ಹಾಕಿಕೊಂಡು ಹೊರಗೆ ಹೋದ.

ಮರುದಿನ ಬೇಬಿ ಯಾರೂ ಕರೆಯದಿದ್ದರೂ ಉಗ್ರಾಣಕ್ಕೆ ಹೋದಳು. ವಾಲ್ಟರ್ ಒಳಗೆ ಬರಲೊಪ್ಪದೆ ಲಾರಿ ನಿಲ್ಲುವ ಕಟ್ಟೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದ. ಬೇಬಿ ಫ್ಲಾಸ್ಕಿನ ಚಹಾ ಅವನ ಪಕ್ಕ ಇಟ್ಟು, ಸ್ವಲ್ಪ ದೂರದಲ್ಲಿ ಕೂತಳು.

"ತಪ್ಪಾಯ್ತು ಅಂಕಲ್. ಮೆಗ್ ಹೇಳಿದ್ದಳು. ಗೊತ್ತಿದ್ದೂ ಮಾಡಿದೆ."

ಗೊತ್ತಿದ್ದೂ ಅಂದದ್ದಕ್ಕೆ ಅವನು ತಿರುಗಿ ನೋಡಿದ.

"ನೀನು ನನ್ನಕ್ಕನನ್ನು ಕರೆದೆ" ಎಂದ. "ಅವಳು ಈಗಷ್ಟೇ ಹೊರಟಿದ್ದಾಳೆ. ನಮ್ಮ ನೀರಿಗೆ, ಅವಳ ಅಜ್ಜಿ ಇರುವಲ್ಲಿಗೆ. ದಾರಿ ದೂರ ಉಂಟು. ಹಿಂದಿನಿಂದ ಹೆಸರು ಹಿಡಿದು ಕರೆದರೆ ಯಾರಾದರೂ ತಿರುಗಿ ನೋಡುತ್ತಾರೆ. ತಿರುಗಿ ನೋಡಿದವರು ನಿಂತುಬಿಡುತ್ತಾರೆ. ಅದಕ್ಕೇ ನಾವು ಕರೆಯುವುದಿಲ್ಲ. ಅವಳ ಹೆಸರಿನವಳೇ ಊರಲ್ಲಿ ಇನ್ನೊಬ್ಬಳಿದ್ದಾಳೆ, ಅವಳನ್ನೂ ಈಗ ಬೇರೆ ಹೆಸರಿಂದ ಕರೆಯುತ್ತೇವೆ. ಫೋಟೋ ಕಟ್ಟಿಡುತ್ತೇವೆ. ಮನೆಗೆ ಸೊಪ್ಪಿನ ಹೊಗೆ ಹಾಕುತ್ತೇವೆ."

"ನಮ್ಮಲ್ಲಿ ಫೋಟೋ ತೂಗುಹಾಕ್ತೇವೆ" ಎಂದಳು ಬೇಬಿ. ಆಮೇಲೆ, ಯಾಕೆಂದು ಗೊತ್ತಿಲ್ಲ, ಮಗನ ವಿಷಯ ಹೇಳಿದಳು. ಪಾರ್ಕಿಂಗ್ ಲಾಟಿನದ್ದು, ವಾಯ್ಸ್‌ಮೇಲಿನದ್ದು, ಎಲ್ಲ.

ವಾಲ್ಟರ್ ಚಹಾ ಬಗ್ಗಿಸಿಕೊಂಡ. "ನಮ್ಮದು ಡಾರ್ಮಿಟರಿಯ ಕಾಲ" ಎಂದ. "ಅಕ್ಕನಿಗೆ ಐದು ವರ್ಷವಾದಾಗ ಕರೆದುಕೊಂಡು ಹೋದರು. ಮೊದಲ ದಿನವೇ ಹೆಸರು ಬದಲಿಸಿದರು. ಅಮ್ಮ ಬೇಲಿಯ ಆಚೆ ನಿಂತು ಹಳೇ ಹೆಸರಿಂದ ಕರೆಯುತ್ತಿದ್ದಳು. ಅಕ್ಕ ತಿರುಗಿ ನೋಡಿದರೆ ಪೆಟ್ಟು. ಕೊನೆಗೆ ಅಮ್ಮನೇ ಕರೆಯುವುದನ್ನು ಬಿಟ್ಟಳು. ಆಮೇಲೆ ಒಂದು ಚಂಡಮಾರುತ ಮಿಷನ್ನನ್ನು ಎತ್ತಿಕೊಂಡು ಹೋಯಿತು. ಸರಕಾರ ನಮ್ಮನ್ನು ಲಾರಿಗೆ ತುಂಬಿ ಒಳನಾಡಿಗೆ ಸಾಗಿಸಿತು. ಉಪ್ಪುನೀರಿನ ಜನ, ಕೆಂಪು ಧೂಳಿನಲ್ಲಿ ಬದುಕಬೇಕು! ವರ್ಷಾನುಗಟ್ಟಲೆ ಇದ್ದೆವು. ತಿರುಗಿ ಹೋಗೋಣ ಅಂತ ಮೊದಲು ಹೇಳಿದ್ದು ನನ್ನಕ್ಕ. ನಡೆದುಕೊಂಡೇ ಹೋದೆವು. ಊರಲ್ಲಿ ಉಳಿದಿದ್ದದ್ದು ಹುಣಸೆ ಮರಗಳು ಮಾತ್ರ. ಅವನ್ನೇ ಗುರುತು ಹಿಡಿದು, ಯಾರ ಮನೆ ಎಲ್ಲಿತ್ತು ಅಂತ ಅಕ್ಕ ತೋರಿಸಿಕೊಟ್ಟಳು."

ಮುಂದಿನದು ಹೇಳುವಾಗ ಅವನ ಸ್ವರ ಗಟ್ಟಿಯಾಗಿತ್ತು. "ಹೆಸರು ಕಿತ್ತುಕೊಂಡರು. ಭಾಷೆ ಕಿತ್ತುಕೊಂಡರು. ಸ್ವರವನ್ನು ಡಬ್ಬಿಯಲ್ಲಿ ಹಾಕಿ ಇಲ್ಲಿಗೆ ತಂದರು. ಯಾರೂ ನಮ್ಮನ್ನು ಒಂದು ಮಾತು ಕೇಳಲಿಲ್ಲ. ನೀನೂ ಕೇಳಲಿಲ್ಲ."

ಬೇಬಿಗೆ ಕೆನ್ನೆಗೆ ಹೊಡೆದಷ್ಟು ಉರಿಯಿತು. ತಲೆ ತಗ್ಗಿಸಿ ಕೂತಳು.

"ಆದ್ರೆ ಹಾಡು ಅಂಕಲ್?" ಎಂದಳು ಕೊನೆಗೆ. "ಅದು ಬೇರೆ ಯಾರಿಗೂ ಬರುದಿಲ್ಲವಲ್ಲ. ಅರ್ಥ ಗೊತ್ತಿರುವುದು ನಿಮಗೊಬ್ಬರಿಗೇ. ಟೇಪು ಮುಚ್ಚಿಟ್ರೆ, ತೆರೆಯುವಷ್ಟರಲ್ಲಿ ನೀವು..."

"ನಾನು ಸತ್ತಿರಬಹುದು. ಹೌದು. ಆಗ ಲೋರ್ನಾಳ ಮಕ್ಕಳು ಕೇಳುತ್ತಾರೆ, ಅರ್ಥ ಹೇಳುವವರು ಇರುವುದಿಲ್ಲ."

"ಅದು ನಷ್ಟ ಅಲ್ವಾ?"

"ನಷ್ಟವೇ" ಎಂದ ವಾಲ್ಟರ್. "ನನಗೆ ರಾತ್ರಿ ನಿದ್ದೆ ಬರಲಿಲ್ಲ ಅಂದುಕೋ. ಆದರೆ ಅದು ನಮ್ಮ ನಷ್ಟ. ನೀನು ಬಂದು ತುಂಬಿಕೊಡುವುದಲ್ಲ."

"ತೆರೆಯುವ ದಿನ ಯಾರು ಹೇಳ್ತಾರೆ?"

"ಹತ್ತಿರದವರೆಲ್ಲ ಒಟ್ಟಿಗೆ ಕೂತು ಹೇಳುತ್ತೇವೆ. ಎಲ್ಲರಿಗಿಂತ ಹೆಚ್ಚು ನೋವಿರುವವರು ಹೂಂ ಅನ್ನುವವರೆಗೆ ಕಾಯುತ್ತೇವೆ. ಒಬ್ಬರೇ ಹೇಳುವುದಲ್ಲ."

ಅವನು ಎದ್ದು, ಕೋಟು ಸರಿಮಾಡಿಕೊಂಡ. "ನಿನಗೆ ಅದು ಬಾಯಿಗೆ ಬರುತ್ತದಾ?"

ಸುಳ್ಳು ಹೇಳಲಿಕ್ಕೆ ಬೇಬಿಗೆ ನಾಲಿಗೆ ಬರಲಿಲ್ಲ. "ಬರ್ತದೆ."

"ಹಾಡಬೇಡ. ಗುನುಗಲೂ ಬೇಡ."

"ಇಲ್ಲ ಅಂಕಲ್."

ಆವತ್ತು ಸಂಜೆ ಐ-ತೊಂಬತ್ತೈದು ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಹಾಡು ಮೂರು ಸಲ ಗಂಟಲಿನವರೆಗೆ ಬಂತು. ಮೂರು ಸಲವೂ ನುಂಗಿದಳು. ಒಂದು ಹಾಡನ್ನು ಮರೆಯುವುದು ಕಲಿಯುವುದಕ್ಕಿಂತ ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಮನೆಗೆ ತಲುಪುವಾಗ ದೀಪದ ಹೊತ್ತು ಮೀರಿತ್ತು, ರಘುಪತಿ ಅಷ್ಟರಲ್ಲಿ ವಾಕಿಂಗಿಗೆ ಹೋಗಿಯಾಗಿತ್ತು.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಅವನು ಬೇಗನೇ ಶೂ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಪಕ್ಕದಲ್ಲಿ ಕಟ್ಟಿಟ್ಟ ಸೂಟ್‌ಕೇಸ್.

"ಇವತ್ತು ಹಾಕುದಿಲ್ಲ" ಎಂದಳು ಬೇಬಿ. "ಕೂತ್ಕೊಳ್ಳಿ."

ಅವನು ನಂಬಲಿಲ್ಲ. ನಿಂತೇ ಇದ್ದ.

"ಹಾಕುದಿಲ್ಲ ಅಂದೆನಲ್ಲ ಮಾರಾಯ್ರೇ. ಮೂರು ವರ್ಷ ಒಂದು ಸಲವಾದ್ರೂ ನಿಮ್ಮನ್ನು ಕೇಳಿದ್ದೇನಾ, ಹಾಕ್ಲಾ ಅಂತ? ಕೇಳ್ಲಿಲ್ಲ. ಈಗ ಕೇಳ್ತೇನೆ. ನಿಮಗೆ ಎಂತ ಆಗ್ತದೆ? ಹೇಳಿ. ಬೈದ್ರೂ ಅಡ್ಡಿಲ್ಲ."

ರಘುಪತಿ ಶೂ ಹಾಕಿಕೊಂಡೇ ಸೋಫಾದ ತುದಿಯಲ್ಲಿ ಕೂತ.

"ನೀನು ಅದನ್ನು ಬಹಳ ಕ್ಲೀನ್ ಮಾಡಿದ್ದಿ ಬೇಬಿ" ಎಂದ. "ಮೊದಲು ಫೋನಿನ ಸ್ವರ ಅಂತ ಗೊತ್ತಾಗ್ತಿತ್ತು. ಈಗ ಹಾಗಲ್ಲ. ಈ ವೀಕೆಂಡ್ ಬರ್ತೇನೆ ಅಂತಾನೆ. ನಾನು ಬಾಗಿಲ ಕಡೆ ನೋಡ್ತೇನೆ. ಪ್ರತಿ ಸಲ ನೋಡ್ತೇನೆ. ಗೊತ್ತುಂಟು, ಆದ್ರೂ ನೋಡ್ತೇನೆ. ಆಮೇಲೆ ಬಾಗಿಲು ಹಾಗೇ ಇರ್ತದೆ. ಮತ್ತೊಂದು ಸಲ ಅವನು ಹೋದ ಹಾಗೆ ಆಗ್ತದೆ. ದಿನಾ ಒಂದು ಸಲ. ನನ್ನಿಂದ ಆಗುದಿಲ್ಲ. ಅದಕ್ಕೇ ಆ ಬಾಗಿಲಿಂದ ನಾನೇ ಹೊರಗೆ ಹೋಗುದು."

ಬೇಬಿ ಅವನ ಕಾಲ ಬಳಿ ನೆಲದ ಮೇಲೆ ಕೂತಳು. ಅಯ್ಯೋ ದೇವರೇ, ಎಂದಳು, ಅಷ್ಟೇ. ತಾನು ಮಗನಿಗೆ ಹಚ್ಚಿದ ದೀಪದ ಪಕ್ಕದಲ್ಲೇ ಗಂಡನನ್ನು ದಿನಾ ಸುಡುತ್ತಿದ್ದೆ ಅನಿಸಿತು. ಆಮೇಲೆ ಕೇಳಬೇಕಾದ್ದನ್ನು ಕೇಳಿದಳು, ಕೇಳಲಿಕ್ಕೆ ಇಷ್ಟವಿಲ್ಲದಿದ್ದರೂ. "ಫೋಟೋ?"

"ಇರ್ಲಿ" ಎಂದ. ಸ್ವಲ್ಪ ತಡೆದು, "ಇಲ್ಲ. ಸ್ವಲ್ಪ ದಿನ ಬೇಡ" ಎಂದ.

ಬೇಬಿ ಸ್ಟೂಲು ಹತ್ತಿ ಫೋಟೋ ಇಳಿಸಿದಳು. ಹಾರದಿಂದ ಗಂಧದ ಪುಡಿ ಉದುರಿತು. ತನ್ನ ಮದುವೆಯ ಸೀರೆಯಲ್ಲಿ ಅದನ್ನು ಸುತ್ತುವಾಗ ಮಗನನ್ನು ಎರಡನೇ ಸಲ ಕಳಿಸಿಕೊಟ್ಟಷ್ಟು ಸಂಕಟವಾಯಿತು, ಬಾಯಿಬಿಟ್ಟು ಅತ್ತಳು. ಫೋನಿನಲ್ಲಿದ್ದ ಸ್ವರವನ್ನು ಅಳಿಸಲಿಲ್ಲ, ಅದು ಅವಳಿಂದ ಆಗುವ ಕೆಲಸವಲ್ಲ. "ನೀವು ಹೂಂ ಅನ್ನುವವರೆಗೆ ಮುಟ್ಟುದಿಲ್ಲ" ಎಂದಳು. ರಘುಪತಿ ಎದ್ದು ಕಪಾಟಿನ ಬಾಗಿಲು ಹಿಡಿದುಕೊಂಡ. ಇಬ್ಬರೂ ಸೇರಿ ಫೋಟೋವನ್ನು ಒಳಗಿಟ್ಟರು.

ಭಾನುವಾರ ಬೆಳಿಗ್ಗೆ ಗೋಡೆಯಲ್ಲಿ ಮೊಳೆ ಮಾತ್ರ ಕಾಣುತ್ತಿತ್ತು. ಬೇಬಿ ಆ ಕಡೆ ನೋಡಲಾಗದೆ ಅಡುಗೆಮನೆಗೆ ಹೋದಳು. ಗಂಡ ಸಂಜೆಯ ವಿಮಾನಕ್ಕೆ ಹೋಗುವವನು, ಉಂಡುಕೊಂಡು ಹೋಗಲಿ ಎಂದು ಫ್ರೀಜ಼ರಿನಿಂದ ಬಂಗುಡೆ ಮೀನು ತೆಗೆದಳು, ಮೆಣಸು ಹುರಿದಳು, ಹುಣಸೆಹಣ್ಣು ನೆನೆಹಾಕಿದಳು. ಹಾಡು ಬಾಯಿಗೆ ಬಂತು. ತುಟಿ ಕಚ್ಚಿಕೊಂಡು, ಹುಣಸೆಹಣ್ಣನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಕಿವುಚಿದಳು.

"ಹಿಂದೆ ಬರುವ ಟಿಕೆಟೂ ಮಾಡ್ಸಿದೆ" ಎಂದ ರಘುಪತಿ, ಬಾಗಿಲಲ್ಲಿ ನಿಂತು. "ಮುಂದಿನ ಭಾನುವಾರದ್ದು."

"ಹೂಂ" ಎಂದಳು ಬೇಬಿ, ಒಲೆಯ ಕಡೆ ಮುಖ ಮಾಡಿಯೇ. ತಿರುಗಿದ್ದರೆ ಅಳು ಬರುತ್ತಿತ್ತು.

ಮಧ್ಯಾಹ್ನ ಇಬ್ಬರೂ ಎದುರುಬದುರು ಊಟಕ್ಕೆ ಕೂತರು. ಹೊರಗೆ ಯಾರದೋ ಮಕ್ಕಳು ಸೈಕಲ್ ಬಿಡುತ್ತಿದ್ದರು. ರಘುಪತಿ ಅನ್ನಕ್ಕೆ ಸಾರು ಕಲಸಿ, ಒಂದು ತುತ್ತು ಬಾಯಿಗಿಟ್ಟು, ಕಣ್ಣು ಸಣ್ಣ ಮಾಡಿದ.

"ಹುಳಿ ಜಾಸ್ತಿ ಆಯ್ತು" ಎಂದ. ಇನ್ನೊಂದು ತುತ್ತು ಕಲಸಿದ. "ಅನ್ವಿತ್ ಆಗಿದ್ರೆ ತಟ್ಟೆ ದೂಡ್ತಿದ್ದ."

ಗಂಡನ ಬಾಯಲ್ಲಿ ಆ ಹೆಸರು ಕೇಳಿ ಬೇಬಿ ಬಾಗಿಲ ಕಡೆ ನೋಡಿದಳು.